ವಿಲ್ ನೋಂದಣಿ ಸೇವೆ: ಸಬ್ ರಿಜಿಸ್ಟ್ರಾರ್ ಮುದ್ರೆಯಿಂದ ಸಿಗುವುದೆಷ್ಟು, ಸಿಗದಿರುವುದೆಷ್ಟು

ವಿಲ್ ಬರೆಸುವವರಿಗೆ ಸರ್ಕಾರದ ಕಡೆಯಿಂದ ಎರಡು ಸೇವೆಗಳಿವೆ. ಬರೆದ ವಿಲ್ಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ಒಂದು. ಲಕೋಟೆಗೆ ಹಾಕಿ, ಮುದ್ರೆ ಒತ್ತಿ, ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವುದು ಇನ್ನೊಂದು. ಎರಡಕ್ಕೂ ಆಧಾರ 1908ರ ನೋಂದಣಿ ಕಾಯ್ದೆ. ಮೊದಲನೆಯದು ಎಲ್ಲರಿಗೂ ಗೊತ್ತು, ಎರಡನೆಯದರ ಹೆಸರು ಕೇಳಿದವರು ಕಡಿಮೆ. ಈ ಎರಡೂ ಸೇವೆಗಳಿಂದ ನಿಜವಾಗಿ ಏನು ಸಿಗುತ್ತದೆ ಎಂದು ಇಲ್ಲಿ ತೂಗಿ ನೋಡಿದ್ದೇವೆ. ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ನೋಂದಣಿ ಮಾಡಿಸಿ, ತಾಪತ್ರಯಕ್ಕೆ ತಕ್ಕ ಫಲ ಖಂಡಿತ ಇದೆ. ಆದರೆ ಮುದ್ರೆ ಬಿದ್ದ ಮಾತ್ರಕ್ಕೆ ವಿಲ್ ಗಟ್ಟಿಯಾಯಿತು ಎಂದು ನಂಬಿ ಕೂರಬೇಡಿ. ವಿಲ್ಲಿನ ಬಲವೆಲ್ಲ ಇಬ್ಬರು ಸಾಕ್ಷಿಗಳಲ್ಲಿ ಮತ್ತು ಒಳಗಿನ ಬರಹದಲ್ಲಿ ಇರುತ್ತದೆ. ಆ ಕೆಲಸ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಮುಗಿದಿರಬೇಕು.

ಇಲ್ಲಿ ಹೇಳುವುದು ಹೆಚ್ಚಾಗಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಬರೆಯುವ ವಿಲ್ಲಿನ ಬಗ್ಗೆ. ಮುಸ್ಲಿಮರ ವಸೀಯತ್ತಿಗೆ ನಿಯಮ ಬೇರೆ. ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಸಾಮಾನ್ಯವಾಗಿ ಬರೆದುಕೊಡಬಹುದು, ವಾರಸುದಾರರಲ್ಲೇ ಒಬ್ಬರಿಗೆ ಕೊಡಬೇಕಾದರೆ ಉಳಿದವರ ಒಪ್ಪಿಗೆ ಬೇಕು. ಅವರು ಇದನ್ನು ಮೊದಲು ತಿಳಿದವರ ಬಳಿ ಕೇಳಿಕೊಳ್ಳುವುದು ಒಳ್ಳೆಯದು.

ಕಚೇರಿಯಲ್ಲಿ ನಡೆಯುವುದೇನು

ವಿಲ್ಲಿಗೆ ನೋಂದಣಿ ಕಡ್ಡಾಯವಲ್ಲ. ನೋಂದಣಿ ಕಾಯ್ದೆಯ 18ನೇ ಕಲಂ ಅದನ್ನು ಐಚ್ಛಿಕ ದಾಖಲೆಗಳ ಸಾಲಿಗೆ ಸೇರಿಸಿದೆ. ಕ್ರಯಪತ್ರಕ್ಕಿರುವ ನಾಲ್ಕು ತಿಂಗಳ ಗಡುವೂ ಇದಕ್ಕಿಲ್ಲ, 27ನೇ ಕಲಮಿನಂತೆ ಯಾವಾಗ ಬೇಕಾದರೂ ಹಾಜರುಪಡಿಸಬಹುದು. ಆಸ್ತಿ ಇರುವ ವ್ಯಾಪ್ತಿಯ ಕಚೇರಿಗೇ ಹೋಗಬೇಕೆಂದೂ ಇಲ್ಲ, ಯಾವುದೇ ಸಬ್ ರಿಜಿಸ್ಟ್ರಾರ್ ಬಳಿ ನಡೆಯುತ್ತದೆ. ಬೇರೆ ಬೇರೆ ಜಿಲ್ಲೆಗಳಲ್ಲಿ ಜಮೀನು, ಮನೆ ಇರುವವರಿಗೆ ಇದು ದೊಡ್ಡ ಅನುಕೂಲ. ಎಲ್ಲ ಆಸ್ತಿಗೂ ಒಂದೇ ವಿಲ್, ಒಂದೇ ನೋಂದಣಿ ಸಾಕು.

ಸ್ಟಾಂಪ್ ಡ್ಯೂಟಿಯೂ ಇಲ್ಲ. ಆದರೂ ಪತ್ರ ಬರಹಗಾರರು ಅಭ್ಯಾಸಬಲದಿಂದ ಛಾಪಾ ಕಾಗದ ತರಿಸುವುದುಂಟು. ಬೇಡವೆನ್ನಿ. ಛಾಪಾ ಕಾಗದ ಕೊಂಡ ದಿನ ಒಂದು, ವಿಲ್ಲಿನ ತಾರೀಕು ಇನ್ನೊಂದು, ಕೊಂಡವರ ಹೆಸರು ಮಗನದು ಎಂದಾದರೆ ಮುಂದೆ ನ್ಯಾಯಾಲಯದಲ್ಲಿ ಎದುರು ಪಕ್ಷದವರ ಮೊದಲ ಪ್ರಶ್ನೆಯೇ ಅದಾಗುತ್ತದೆ. ಗಟ್ಟಿ ಬಿಳಿ ಹಾಳೆ ಸಾಕು.

ಕರ್ನಾಟಕದಲ್ಲಿ ಕಾವೇರಿ 2.0 ತಂತ್ರಾಂಶದ ಮೂಲಕ ವಿವರ ತುಂಬಿ ಸಮಯ ಕಾದಿರಿಸಿಕೊಂಡು ಹೋಗುವ ವ್ಯವಸ್ಥೆ ಇದೆ. ಮೂಲ ವಿಲ್, ಬರೆದವರ ಮತ್ತು ಸಾಕ್ಷಿಗಳ ಗುರುತಿನ ಚೀಟಿ ಕೈಯಲ್ಲಿರಲಿ. ಅಧಿಕಾರಿಯ ಎದುರು ಬರೆದವರ ಫೋಟೊ, ಬೆರಳಚ್ಚು ತೆಗೆಯುತ್ತಾರೆ. ‘ಇದನ್ನು ಬರೆದುಕೊಟ್ಟಿದ್ದು ನೀವೇನಾ’ ಎಂದು ಕೇಳುತ್ತಾರೆ, ಗುರುತಿಸುವವರ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಳೆಯ ಹಿಂಬದಿಯಲ್ಲಿ ಷರಾ ಬೀಳುತ್ತದೆ: ಯಾರು ಹಾಜರುಪಡಿಸಿದರು, ಯಾವ ದಿನ, ಎಷ್ಟು ಹೊತ್ತಿಗೆ, ಬರೆದುಕೊಟ್ಟಿರುವುದಾಗಿ ಒಪ್ಪಿದರು, ಇಂಥವರು ಗುರುತಿಸಿದರು. ದಾಖಲೆಯ ಪ್ರತಿ ಕಚೇರಿಯಲ್ಲಿ ಉಳಿಯುತ್ತದೆ, ಮೂಲ ನಿಮ್ಮ ಕೈಗೆ ಬರುತ್ತದೆ. ಆ ಷರಾ ಇರುವ ಪುಟವನ್ನು ಕೌಂಟರ್ ಬಿಡುವ ಮೊದಲೇ ನಿಧಾನವಾಗಿ ಓದಿ. ಹೆಸರಿನ ಇನಿಶಿಯಲ್, ಪುಟಗಳ ಎಣಿಕೆ, ದಾಖಲೆ ಸಂಖ್ಯೆ ತಪ್ಪಿದ್ದರೆ ಅಲ್ಲೇ ಸರಿಪಡಿಸಿಕೊಳ್ಳುವುದು ಸುಲಭ, ಆಮೇಲೆ ಕಷ್ಟ.

ಹಾಸಿಗೆ ಹಿಡಿದವರಿಗೆ ಒಂದು ದಾರಿ ಇದೆ, ಅದನ್ನು ಕೇಳಿ ಪಡೆಯುವವರು ಕಡಿಮೆ. 31ನೇ ಕಲಮಿನಂತೆ ವಿಶೇಷ ಕಾರಣ ತೋರಿಸಿದರೆ ಅಧಿಕಾರಿ ಮನೆಗೇ ಬಂದು ನೋಂದಣಿ ಮಾಡಿಕೊಳ್ಳಬಹುದು. ಅರ್ಜಿಯ ಜೊತೆ ವೈದ್ಯರ ಪತ್ರ ಇಡಿ. ಆ ಪತ್ರದಲ್ಲಿ ‘ನಡೆದಾಡಲು ಆಗದು’ ಎಂಬ ಮಾತಿನ ಜೊತೆಗೆ ‘ಮಾತು ಅರ್ಥವಾಗುತ್ತದೆ, ತಿಳಿವಳಿಕೆ ಸ್ಪಷ್ಟವಾಗಿದೆ’ ಎಂಬ ಮಾತೂ ಇರಲಿ. ಮೊದಲನೆಯದು ಮಾತ್ರ ಇದ್ದರೆ ಅದೇ ಪತ್ರವನ್ನು ಮುಂದೆ ವಿಲ್ಲಿನ ವಿರುದ್ಧವೇ ಬಳಸುತ್ತಾರೆ.

ಗೌಪ್ಯತೆಯ ವಿಷಯದಲ್ಲಿ ಈ ಸೇವೆಗೆ ಒಳ್ಳೆಯ ಅಂಕ ಕೊಡಬೇಕು. ಕ್ರಯಪತ್ರ, ಅಡಮಾನ ಪತ್ರಗಳು ದಾಖಲಾಗುವುದು 1ನೇ ಪುಸ್ತಕದಲ್ಲಿ, ಅದನ್ನು ಯಾರು ಬೇಕಾದರೂ ನೋಡಬಹುದು. ವಿಲ್ ದಾಖಲಾಗುವುದು 3ನೇ ಪುಸ್ತಕದಲ್ಲಿ. ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಏಜೆಂಟರಿಗೆ ಬಿಟ್ಟು ಇನ್ನಾರಿಗೂ ಅದರ ನಕಲು ಕೊಡುವಂತಿಲ್ಲ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬಹುದು. ಇದರಿಂದ ಎರಡು ಎಚ್ಚರಿಕೆ ಹುಟ್ಟುತ್ತವೆ. ವಿಲ್ಲಿನೊಳಗೆ ಪಾಸ್‌ವರ್ಡ್, ಲಾಕರ್ ಗುಪ್ತ ಸಂಖ್ಯೆಗಳನ್ನು ಬರೆಯಲೇಬಾರದು, ಅದಕ್ಕೆ ಬೇರೆ ಹಾಳೆ ಇರಲಿ. ಹಾಗೆಯೇ ಆಸ್ತಿಯ ಋಣಭಾರ ಪತ್ರ ತೆಗೆಸಿದರೆ ವಿಲ್ ಕಣ್ಣಿಗೆ ಬೀಳುತ್ತದೆ ಎಂದುಕೊಳ್ಳಬೇಡಿ. ನೋಂದಣಿಯಾದ ವಿಲ್ ಇದೆ, ದಾಖಲೆ ಸಂಖ್ಯೆ ಇಂಥದ್ದು, ಕಚೇರಿ ಇಂಥದ್ದು ಎಂದು ಕನಿಷ್ಠ ಇಬ್ಬರಿಗೆ ತಿಳಿಸಿರಬೇಕು. ಒಳಗೇನಿದೆ ಎಂದು ಹೇಳಬೇಕಾಗಿಲ್ಲ.

ಮುದ್ರೆಯ ಮಿತಿ

ಈಗ ಈ ಸೇವೆ ಕೊಡದಿರುವುದಕ್ಕೆ ಬರೋಣ, ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲೇ. ನೋಂದಣಿಯಾದ ಬೇರೆ ಪತ್ರಗಳ ವಿಷಯದಲ್ಲಿ, ಬರೆದುಕೊಟ್ಟಿದ್ದನ್ನು ನಿರ್ದಿಷ್ಟವಾಗಿ ಯಾರೂ ಅಲ್ಲಗಳೆಯದಿದ್ದರೆ, ಸಾಕ್ಷಿಗಳನ್ನು ಕರೆಸದೆಯೂ ರುಜುವಾತು ಮಾಡಬಹುದು. ವಿಲ್ಲಿಗೆ ಆ ರಿಯಾಯಿತಿ ಇಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 68ನೇ ಕಲಂ ಹೀಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ನೋಂದಣಿಯಾಗಿದ್ದರೂ ಸರಿ, ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬದುಕಿದ್ದು ಸಿಗುವಂತಿದ್ದರೆ ಅವರು ಬಂದು ಹೇಳಬೇಕು. ಇಬ್ಬರೂ ತೀರಿಕೊಂಡಿದ್ದರೆ ಒಬ್ಬ ಸಾಕ್ಷಿಯ ಕೈಬರಹವನ್ನೂ, ಬರೆದವರ ಸಹಿಯನ್ನೂ ಗುರುತಿಸಬಲ್ಲವರನ್ನು ಹುಡುಕಬೇಕು. ಎಪ್ಪತ್ತು ದಾಟಿದವರ ವಿಲ್ಲಿಗೆ ಎಂಬತ್ತು ವರ್ಷದ ಗೆಳೆಯರಿಬ್ಬರ ಸಾಕ್ಷಿ ಹಾಕಿಸುವುದು ಯಾಕೆ ತಪ್ಪು ಎಂಬುದು ಇದರಿಂದ ಗೊತ್ತಾಗುತ್ತದೆ. ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಾಗಿ, ಒಂದೇ ಊರಲ್ಲಿ ನೆಲೆ ನಿಂತು, ಕೋರ್ಟಿಗೆ ಬಂದು ನಿಲ್ಲುವ ಧೈರ್ಯ ಇರುವವರನ್ನು ಆರಿಸಿ.

ಇನ್ನೊಂದು ಗೊಂದಲ ಇನ್ನೂ ಹೆಚ್ಚು ಅಪಾಯದ್ದು. ಕಚೇರಿಯಲ್ಲಿ ‘ಸಾಕ್ಷಿ’ ಎಂಬ ಒಂದೇ ಮಾತಿನಲ್ಲಿ ಎರಡು ಪಾತ್ರಗಳು ಸೇರಿಹೋಗುತ್ತವೆ. ಬರೆದವರು ಸಹಿ ಹಾಕುವುದನ್ನು ಕಂಡು ವಿಲ್ಲಿಗೆ ಸಾಕ್ಷಿ ಹಾಕುವವರು ಒಂದು ಬಗೆ. ಹಾಜರಾದ ವ್ಯಕ್ತಿ ಇವರೇ ಎಂದು ಅಧಿಕಾರಿಗೆ ಗುರುತು ಹೇಳುವವರು ಇನ್ನೊಂದು ಬಗೆ. ಅವರ ಸಹಿ ಬೀಳುವುದು ಹಿಂಬದಿಯ ಷರಾದ ಕೆಳಗೆ. ವಿಲ್ಲಿನ ಕೊನೆಯ ಪುಟದಲ್ಲಿ ಒಬ್ಬರೇ ಸಾಕ್ಷಿ, ಹಿಂಬದಿಯಲ್ಲಿ ಗುರುತಿಸುವವರು ಇಬ್ಬರು ಎಂಬಂಥ ದಾಖಲೆ ಕಂಡರೆ ‘ಒಟ್ಟು ಮೂರು ಸಹಿ ಇದೆಯಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಗುರುತು ಹೇಳಿದವರನ್ನಾಗಲಿ, ಷರಾ ಬರೆದ ಅಧಿಕಾರಿಯನ್ನಾಗಲಿ, ‘ಬಿಕ್ಕಲಂ’ ಎಂದು ಸಹಿ ಹಾಕಿದ ಬರಹಗಾರನನ್ನಾಗಲಿ ನ್ಯಾಯಾಲಯ ತಾನಾಗಿ ವಿಲ್ಲಿನ ಸಾಕ್ಷಿ ಎಂದು ಎಣಿಸುವುದಿಲ್ಲ. ಸಾಕ್ಷಿಯಾಗುವ ಉದ್ದೇಶದಿಂದಲೇ, ಕಾನೂನು ಹೇಳಿದ ಕ್ರಮದಲ್ಲೇ ಅವರು ಸಹಿ ಹಾಕಿದ್ದರೆಂದು ತೋರಿಸಬೇಕಾಗುತ್ತದೆ. ಅದು ಸುಲಭವಲ್ಲ.

ಆ ಕ್ರಮ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಲ್ಲಿದೆ. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ಬರೆದವರ ಬಾಯಿಂದಲೇ ಕೇಳಿರಬೇಕು. ಪ್ರತಿ ಸಾಕ್ಷಿಯೂ ಬರೆದವರ ಎದುರಿನಲ್ಲಿಯೇ ಸಹಿ ಹಾಕಬೇಕು. ಇಬ್ಬರೂ ಒಟ್ಟಿಗಿರಲೇಬೇಕೆಂದು ಕಾನೂನು ಕೇಳುವುದಿಲ್ಲ, ಆದರೂ ಒಟ್ಟಿಗೆ ಕೂರಿಸುವುದೇ ಕ್ಷೇಮ. ಒಬ್ಬ ಸಾಕ್ಷಿ ನಿಂತು ಇಬ್ಬರ ಸಹಿಯ ಬಗ್ಗೆಯೂ ಹೇಳಲು ಆಗ ಮಾತ್ರ ಸಾಧ್ಯ. ಕೋರ್ಟಿನಲ್ಲಿ ಸಿಗುವ ಒಬ್ಬನೇ ಸಾಕ್ಷಿ ‘ಇನ್ನೊಬ್ಬರು ಯಾವಾಗ ಹಾಕಿದರೋ ನನಗೆ ಗೊತ್ತಿಲ್ಲ’ ಎಂದರೆ ಅಲ್ಲಿಗೆ ವಿಲ್ ಕುಸಿಯಬಹುದು. ವಿಲ್ಲನ್ನು ಸಾಕ್ಷಿಯ ಮನೆಗೆ ಕಳಿಸಿ ಸಹಿ ಮಾಡಿಸಿಕೊಂಡು ಬರುವ ಅಭ್ಯಾಸವಂತೂ ನೇರವಾಗಿ ಕಾನೂನಿಗೆ ವಿರುದ್ಧ.

ಆಸ್ತಿ ಪಡೆಯುವವರನ್ನಾಗಲಿ, ಅವರ ಗಂಡ ಅಥವಾ ಹೆಂಡತಿಯನ್ನಾಗಲಿ ಸಾಕ್ಷಿ ಮಾಡಬೇಡಿ. ಕ್ರೈಸ್ತರು, ಪಾರ್ಸಿಗಳಿಗೆ ಅನ್ವಯಿಸುವ ಉತ್ತರಾಧಿಕಾರ ಕಾಯ್ದೆಯ 67ನೇ ಕಲಮಿನಂತೆ ಅಂಥವರಿಗೆ ಬರೆದ ಪಾಲೇ ಅಸಿಂಧು. ಹಿಂದೂಗಳ ವಿಲ್ಲಿಗೆ ಆ ಕಲಂ ಅನ್ವಯಿಸದಿದ್ದರೂ ಅನುಮಾನಕ್ಕೆ ಅಷ್ಟೇ ಸಾಕು. 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಪ್ರಕರಣ ನಮ್ಮ ಮೈಸೂರು ಸೀಮೆಯಿಂದಲೇ ಹೋದದ್ದು. ಇಂದಿಗೂ ವಿಲ್ ವ್ಯಾಜ್ಯಗಳಲ್ಲಿ ಮೊದಲು ಉದ್ಧರಿಸುವುದು ಅದನ್ನೇ. ವಿಲ್ಲಿನ ತಯಾರಿಯಲ್ಲಿ ಮುಂದೆ ನಿಂತು ಓಡಾಡಿದವರೇ ಅದರಿಂದ ದೊಡ್ಡ ಲಾಭ ಪಡೆಯುವುದಾದರೆ ಅದೊಂದು ಅನುಮಾನಾಸ್ಪದ ಸಂದರ್ಭ, ಆ ಅನುಮಾನ ನಿವಾರಿಸುವ ಹೊಣೆ ವಿಲ್ ಮುಂದಿಟ್ಟವರದೇ ಎಂಬುದು ಅದರ ಸಾರ. ಹಾಗಾಗಿ ಹೆಚ್ಚು ಪಾಲು ಪಡೆಯುವ ಮಗ ಅಥವಾ ಮಗಳು ವಕೀಲರನ್ನು ಗೊತ್ತುಮಾಡುವುದು, ಕರಡು ತಿದ್ದುವುದು, ನೋಂದಣಿಯ ದಿನ ಅಪ್ಪನ ಕೈಹಿಡಿದು ಕೌಂಟರಿನ ಮುಂದೆ ನಿಲ್ಲುವುದು, ಇವೆಲ್ಲ ಬೇಡ. ಕಾರಿನಲ್ಲಿ ಕರೆತರಲು ಬೇರೆ ಯಾರಾದರೂ ಇರಲಿ.

ಅಧಿಕಾರಿ ಪರಿಶೀಲಿಸದಿರುವುದು ಇನ್ನೂ ಇದೆ. ಆಸ್ತಿ ನಿಮ್ಮದೇ ಹೌದೋ ಅಲ್ಲವೋ ಅವರು ನೋಡುವುದಿಲ್ಲ, ಸರ್ವೆ ನಂಬರ್ ತಪ್ಪಿದ್ದರೂ ನೋಂದಣಿ ಆಗಿಬಿಡುತ್ತದೆ. ನೋಂದಣಿಯಾದ ವಿಲ್ಲಿನ ನಂತರ ಮನೆಯಲ್ಲೇ ಕೂತು ಬರೆದ ಇನ್ನೊಂದು ವಿಲ್ ಕ್ರಮಬದ್ಧವಾಗಿದ್ದರೆ ನಡೆಯುವುದು ಆ ಕೊನೆಯದೇ. ನೋಂದಣಿಗೆ ಹೆಚ್ಚಿನ ಬಲ ಎಂಬುದು ಇಲ್ಲಿ ಬರುವುದಿಲ್ಲ.

ಹಾಳೆಯ ಮೇಲಿನ ಬರಹ

ಪುಟಗಳಿಗೆ ‘ಒಟ್ಟು 4ರಲ್ಲಿ 1’ ಎಂಬಂತೆ ಸಂಖ್ಯೆ ಹಾಕಿ. ಪ್ರತಿ ಪುಟದ ಕೆಳಗೂ ಬರೆದವರ ಸಹಿ ಇರಲಿ. ಕಾನೂನು ಕೇಳುವುದು ವಿಲ್ಲಿಗೆ ಒಪ್ಪಿಗೆ ತೋರುವ ಸಹಿಯನ್ನಷ್ಟೇ, ಆದರೆ ಪುಟ ಬದಲಿಸಿದ್ದಾರೆ ಎಂಬ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಸಹಿಗಳು ಕೊನೆಯ ಪುಟದಲ್ಲಿ ಒಂಟಿಯಾಗಿ ನಿಲ್ಲಬಾರದು, ಮೇಲೆ ಕನಿಷ್ಠ ಎರಡು ಮೂರು ಸಾಲು ಬರಹ ಇರುವಂತೆ ಹೊಂದಿಸಿ. ಬರೀ ಸಹಿಗಳಿರುವ ಪುಟ ಯಾವ ಕಾಗದಕ್ಕೆ ಬೇಕಾದರೂ ಅಂಟಿಕೊಳ್ಳಬಲ್ಲದು. ತಿದ್ದುಪಡಿ ಇದ್ದರೆ ಆ ಜಾಗದ ಪಕ್ಕ ಬರೆದವರ ಮತ್ತು ಇಬ್ಬರು ಸಾಕ್ಷಿಗಳ ಕಿರುಸಹಿ ಬೇಕು, ಇಲ್ಲದಿದ್ದರೆ ಅದೇ ಉತ್ತರಾಧಿಕಾರ ಕಾಯ್ದೆಯ 71ನೇ ಕಲಮಿನಂತೆ ಆ ತಿದ್ದುಪಡಿ ನಿಲ್ಲುವುದಿಲ್ಲ. ಬರೆದವರಿಗೆ ಬರುವ ಭಾಷೆಯಲ್ಲೇ ಬರೆಸಿ. ಕನ್ನಡ ಮಾತ್ರ ಬಲ್ಲವರ ಇಂಗ್ಲಿಷ್ ವಿಲ್ಲು ಪಾಟೀ ಸವಾಲಿಗೆ ಕೊಟ್ಟ ಆಹ್ವಾನ. ಓದಲು ಬಾರದವರಾದರೆ ‘ಓದಿಸಿ ಕೇಳಿ, ಅರ್ಥಮಾಡಿಕೊಂಡು, ಸರಿಯಿದೆ ಎಂದು ಒಪ್ಪಿ ಹೆಬ್ಬೆಟ್ಟು ಹಾಕಿರುತ್ತೇನೆ’ ಎಂಬ ಸಾಲು ಇರಲಿ, ಓದಿ ಹೇಳಿದವರ ಹೆಸರೂ ಇರಲಿ.

ಒಳಗಿನ ಹಂಚಿಕೆಯಲ್ಲಿ ನಾವು ಮೊದಲು ಹುಡುಕುವುದು ಶೇಷ ಆಸ್ತಿಯ ಕಲಂ. ‘ಮೇಲೆ ಹೇಳಿದ್ದನ್ನು ಬಿಟ್ಟು ನನ್ನ ಹೆಸರಿನಲ್ಲಿ ಇರುವ, ಮುಂದೆ ಬರಬಹುದಾದ ಎಲ್ಲ ಚರ ಮತ್ತು ಸ್ಥಿರ ಆಸ್ತಿ ಇಂಥವರಿಗೆ’ ಎಂಬ ಒಂದು ಸಾಲು. ಸಿದ್ಧ ನಮೂನೆಗಳಲ್ಲಿ ಬಿಟ್ಟುಹೋಗುವುದೂ ಇದೇ. ಈ ಸಾಲಿಲ್ಲದಿದ್ದರೆ ವಿಲ್ ಬರೆದ ಮೇಲೆ ಕೊಂಡ ಸೈಟು, ಬಂದ ಗ್ರಾಚ್ಯುಟಿ, ಮರೆತುಹೋದ ಷೇರು ಎಲ್ಲವೂ ವಿಲ್ ಇಲ್ಲದವರ ಆಸ್ತಿಯಂತೆ ಹಂಚಿಹೋಗುತ್ತದೆ.

ಎರಡನೆಯದು, ಪಡೆಯುವವರೇ ಮೊದಲು ತೀರಿಕೊಂಡರೆ ಏನು ಎಂಬುದು. ತಮ್ಮನಿಗೆ ಬರೆದದ್ದು ತಮ್ಮ ಮೊದಲೇ ಹೋದರೆ ಅವನ ಮಕ್ಕಳಿಗೆ ಹೋಗುವುದಿಲ್ಲ, ಶೇಷ ಆಸ್ತಿಗೆ ಸೇರುತ್ತದೆ. ಸ್ವಂತ ಮಗ ಅಥವಾ ಮಗಳ ವಿಷಯದಲ್ಲಿ ಕಾನೂನು ಸ್ವಲ್ಪ ಮೃದು: ಅವರಿಗೆ ಸಂತಾನವಿದ್ದರೆ ಆ ಕೊಡುಗೆ ಬಿದ್ದುಹೋಗುವುದಿಲ್ಲ. ಇದನ್ನೆಲ್ಲ ಕಾನೂನಿಗೆ ಬಿಡದೆ ಪ್ರತಿ ಹೆಸರಿನ ಮುಂದೂ ‘ಇವರು ನನಗಿಂತ ಮೊದಲು ತೀರಿಕೊಂಡಿದ್ದಲ್ಲಿ ಇಂಥವರಿಗೆ’ ಎಂದು ಬರೆಯುವುದು ಒಂದು ಸಾಲಿನ ಕೆಲಸ.

ಬ್ಯಾಂಕ್ ಠೇವಣಿಯನ್ನು ರಸೀದಿ ಸಂಖ್ಯೆ ಹಾಕಿ ಬರೆಯುವುದು ಎಚ್ಚರಿಕೆಯ ಲಕ್ಷಣದಂತೆ ಕಾಣುತ್ತದೆ, ಆದರೆ ಅದೇ ಬಲೆ. ಠೇವಣಿ ಮುಗಿದು ಹೊಸದಾದಾಗ ಸಂಖ್ಯೆ ಬದಲಾಗಬಹುದು. ನಿರ್ದಿಷ್ಟವಾಗಿ ಹೆಸರಿಸಿ ಕೊಟ್ಟ ವಸ್ತು ಸಾಯುವ ಹೊತ್ತಿಗೆ ಇಲ್ಲವಾದರೆ ಆ ಕೊಡುಗೆಯೂ ಇಲ್ಲ ಎಂಬುದು ಅದೇ ಕಾಯ್ದೆಯ 152ನೇ ಕಲಂ. ಮಗಳಿಗೆಂದು ಬರೆದ ಠೇವಣಿ ಹಾಗೆ ಜಾರಿಹೋಗದಿರಲು ‘ಇಂಥ ಬ್ಯಾಂಕಿನ ಇಂಥ ಶಾಖೆಯಲ್ಲಿ ನನ್ನ ಮರಣದ ದಿನ ನನ್ನ ಹೆಸರಿನಲ್ಲಿರುವ ಎಲ್ಲ ಠೇವಣಿ, ಅದು ಯಾವ ಸಂಖ್ಯೆಯದೇ ಆಗಿರಲಿ’ ಎಂದು ಬರೆಯಿರಿ. ಜಮೀನು, ಮನೆಗೆ ಮಾತ್ರ ಇದರ ಉಲ್ಟಾ: ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಖಾತೆ ಸಂಖ್ಯೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಎಲ್ಲವನ್ನೂ ಕ್ರಯಪತ್ರ ಮತ್ತು ಪಹಣಿ ಎದುರಿಟ್ಟುಕೊಂಡು ಷೆಡ್ಯೂಲಿನಲ್ಲಿ ತುಂಬಬೇಕು. ಮನೆಯ ಮೇಲೆ ಬ್ಯಾಂಕ್ ಸಾಲ ಬಾಕಿಯಿದ್ದರೆ ಅದನ್ನು ಯಾರು ತೀರಿಸಬೇಕೆಂದೂ ಹೇಳಿ. ಹೇಳದಿದ್ದರೆ ಮನೆ ಪಡೆದವರೇ ಸಾಲದ ಭಾರವನ್ನೂ ಹೊರುತ್ತಾರೆ.

‘ನನ್ನ ನಂತರ ಮನೆ ನನ್ನ ಹೆಂಡತಿಗೆ, ಆಕೆಯ ನಂತರ ಮಕ್ಕಳಿಗೆ.’ ವಿಲ್ಲುಗಳಲ್ಲಿ ಪದೇ ಪದೇ ಕಾಣುವ ಈ ಸಾಲು ವ್ಯಾಜ್ಯದ ತೌರು. ಆಕೆ ಮನೆ ಮಾರಬಹುದೇ? ಒಬ್ಬ ಮಗನಿಗೆ ಮಾತ್ರ ದಾನಪತ್ರ ಮಾಡಬಹುದೇ? ಸಾಲು ಏನನ್ನೂ ಹೇಳುವುದಿಲ್ಲ. ಇದರ ಮೇಲೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ವಾದ ಬೇರೆ. ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಸೀಮಿತ ಹಕ್ಕು ಪೂರ್ಣ ಮಾಲೀಕತ್ವವಾಗಿ ಬೆಳೆಯಬಲ್ಲದು. ನಮ್ಮ ಸಲಹೆ ಸ್ಪಷ್ಟ. ಹೆಂಡತಿಯ ಮೇಲೆ ನಂಬಿಕೆಯಿದ್ದರೆ ಪೂರ್ಣ ಹಕ್ಕಿನಿಂದ ಅವರಿಗೇ ಬರೆಯಿರಿ, ಅವರು ತಮ್ಮ ವಿಲ್ಲನ್ನು ತಾವು ಬರೆಯಲಿ. ಇಲ್ಲವಾದರೆ ವಾಸದ ಹಕ್ಕು, ಬಾಡಿಗೆ ಪಡೆಯುವ ಹಕ್ಕು, ಮಾರುವ ಹಕ್ಕು ಇದೆಯೇ ಇಲ್ಲವೇ ಎಂಬುದನ್ನು ಒಂದೊಂದಾಗಿ ಬಿಡಿಸಿ, ವಕೀಲರಿಂದ ಬರೆಸಿ. ಸಿದ್ಧ ನಮೂನೆ ಇಲ್ಲಿ ಸಾಲದು.

ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲುದಾರರು. ಅವರ ಪಾಲನ್ನೂ ಸೇರಿಸಿ ಇಡೀ ಜಮೀನನ್ನು ಗಂಡುಮಕ್ಕಳಿಗೆ ಬರೆದರೆ ನಡೆಯುವುದು ಬರೆದವರ ಪಾಲಿನ ಮಟ್ಟಿಗೆ ಮಾತ್ರ. ಸ್ವಯಾರ್ಜಿತ ಆಸ್ತಿಯಲ್ಲಿ ಯಾರನ್ನಾದರೂ ಬಿಡುವುದಿದ್ದರೆ ಅವರ ಹೆಸರು ಬರೆದು, ಕಾರಣವನ್ನು ಒಂದೆರಡು ಸಾಲಿನಲ್ಲಿ ತಣ್ಣಗೆ ಹೇಳಿ. ಹೆಸರೇ ಎತ್ತದಿದ್ದರೆ ಮರೆವು ಎನ್ನುತ್ತಾರೆ. ಬೈದು ಬರೆದರೆ ಮನಸ್ಸು ಸ್ಥಿಮಿತದಲ್ಲಿರಲಿಲ್ಲ ಎನ್ನುತ್ತಾರೆ. ‘ಮದುವೆಯಲ್ಲಿ ಸಾಕಷ್ಟು ಕೊಟ್ಟಿದ್ದೇನೆ’ ಎಂಬಂಥ ಕಾರಣಕ್ಕೆ ದಾಖಲೆ ಇಲ್ಲದಿದ್ದರೆ ಬರೆಯದಿರುವುದೇ ಮೇಲು. ಸುಳ್ಳೆಂದು ಸಾಬೀತಾದ ಕಾರಣ ಇಡೀ ವಿಲ್ಲಿನ ಮೇಲೆ ಅನುಮಾನ ತರುತ್ತದೆ.

ಹೆಣ್ಣುಮಕ್ಕಳು ವಿಲ್ ಬರೆಯುವುದು ಗಂಡಸರು ಬರೆಯುವುದಕ್ಕಿಂತ ತುರ್ತಿನದು ಎಂದು ನಾವು ಗಟ್ಟಿಯಾಗಿ ಹೇಳುತ್ತೇವೆ. ಗಂಡ, ಮಕ್ಕಳು ಇಲ್ಲದ ಹಿಂದೂ ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ, ಆಕೆ ದುಡಿದು ಗಳಿಸಿದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ, ಆಕೆಯ ಸ್ವಂತ ತಂದೆತಾಯಿಯ ಸರದಿ ಅದರ ನಂತರ. ತಂದೆತಾಯಿಯಿಂದಲೇ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ವಾರಸುದಾರರಿಗೆ ಮರಳುತ್ತದೆ. ವಿಧವೆ ಮಗಳ ಸಂಬಳದ ಉಳಿತಾಯ ಆಕೆಯನ್ನು ಎಂದೂ ನೋಡಿಕೊಳ್ಳದ ಮೈದುನನಿಗೆ ಸೇರುವುದನ್ನು ತಡೆಯಲು ಒಂದು ಹಾಳೆಯ ವಿಲ್ ಸಾಕು.

ನಾಮಿನಿ ಇದ್ದರೆ ವಿಲ್ ಬೇಡ ಎಂಬ ಮಾತು ತಪ್ಪು. ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು, ಆದರೆ ನಾಮಿನಿಯ ಕೆಲಸ ಹಣ ಪಡೆದುಕೊಳ್ಳುವುದು, ಮಾಲೀಕತ್ವ ವಿಲ್ ಅಥವಾ ವಾರಸಿನಂತೆ ತೀರ್ಮಾನವಾಗುತ್ತದೆ. ಷೇರುಗಳ ವಿಷಯದಲ್ಲೂ ಹಾಗೆಯೇ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವ ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಅವರಿಗೇ ಫಲ ಸೇರುವಂತೆ ಮಾಡಿದೆ. ವಿಲ್ಲಿನ ಹೆಸರು, ನಾಮಿನಿಯ ಹೆಸರು ಒಂದೇ ಆಗಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಜಾರಿಗೆ ತರುವ ಎಕ್ಸಿಕ್ಯೂಟರ್ ಒಬ್ಬರನ್ನು, ಅವರು ಇಲ್ಲದಿದ್ದರೆ ಇನ್ನೊಬ್ಬರನ್ನು ಹೆಸರಿಸಿ. ಆಸ್ತಿ ಪಡೆಯುವವರೂ ಎಕ್ಸಿಕ್ಯೂಟರ್ ಆಗಬಹುದು, ಅದಕ್ಕೆ ಅಡ್ಡಿಯಿಲ್ಲ.

ಮುಚ್ಚಿದ ಲಕೋಟೆಯ ಠೇವಣಿ

ನೋಂದಣಿ ಕಾಯ್ದೆಯ 42ನೇ ಕಲಮಿನ ಈ ಸೇವೆ ಜಿಲ್ಲಾ ನೋಂದಣಾಧಿಕಾರಿಯ ಬಳಿ ಮಾತ್ರ ಸಿಗುತ್ತದೆ. ಲಕೋಟೆಯ ಮೇಲೆ ಬರೆದವರ ಹೆಸರು, ಏಜೆಂಟರ ಮೂಲಕ ಕಳಿಸಿದ್ದರೆ ಅವರ ಹೆಸರು, ಒಳಗಿರುವುದು ವಿಲ್ ಎಂಬ ಒಕ್ಕಣೆ ಇರಬೇಕು. ಅಧಿಕಾರಿ ಅದನ್ನು ಒಡೆಯುವುದಿಲ್ಲ. ಮೇಲಿನ ಬರಹವನ್ನು 5ನೇ ಪುಸ್ತಕಕ್ಕೆ ಇಳಿಸಿ, ಬಂದ ವರ್ಷ, ತಿಂಗಳು, ದಿನ, ಗಂಟೆ, ಗುರುತು ಹೇಳಿದವರ ಹೆಸರು, ಮುದ್ರೆಯ ಮೇಲೆ ಓದಲು ಬರುವ ಅಕ್ಷರ ಎಲ್ಲವನ್ನೂ ದಾಖಲಿಸಿ, ಬೆಂಕಿ ತಗಲದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬೇಕಾದಾಗ ಬರೆದವರು ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು. ತೀರಿಕೊಂಡ ಮೇಲೆ ಯಾರಾದರೂ ಅರ್ಜಿ ಹಾಕಿದರೆ ಅವರ ಎದುರಿನಲ್ಲೇ ಒಡೆದು, ಅವರ ಖರ್ಚಿನಲ್ಲಿ 3ನೇ ಪುಸ್ತಕಕ್ಕೆ ನಕಲು ಮಾಡಿ, ಮೂಲವನ್ನು ಮತ್ತೆ ಅಲ್ಲೇ ಇಡುತ್ತಾರೆ.

ವಿಲ್ ಕದ್ದುಹೋಗಬಹುದು, ಹರಿದುಹಾಕಬಹುದು ಎಂಬ ಭಯ ಇರುವವರಿಗೆ, ಕಚೇರಿಯ ಸಿಬ್ಬಂದಿಗೂ ಒಳಗಿನದು ತಿಳಿಯಬಾರದು ಎನ್ನುವವರಿಗೆ ಇದಕ್ಕಿಂತ ಭದ್ರವಾದ ಜಾಗವಿಲ್ಲ. ಆದರೂ ಹೆಚ್ಚಿನವರಿಗೆ ನಾವು ಸೂಚಿಸುವುದು ನೋಂದಣಿಯನ್ನೇ. ಲಕೋಟೆಯೊಳಗಿನ ದೋಷವನ್ನು ಯಾರೂ ನೋಡುವುದಿಲ್ಲ. ಸಾಕ್ಷಿ ಒಬ್ಬರೇ ಇದ್ದಾರೆ, ಸಹಿ ಬಿಟ್ಟುಹೋಗಿದೆ ಎಂಬುದು ಲಕೋಟೆ ಒಡೆದ ದಿನ, ತಿದ್ದಬೇಕಾದವರು ಇಲ್ಲದಾಗ ಗೊತ್ತಾಗುತ್ತದೆ. ಜೊತೆಗೆ ಅಧಿಕಾರಿಯ ಎದುರು ‘ನಾನೇ ಬರೆದದ್ದು’ ಎಂದು ಒಪ್ಪಿದ ಷರಾ, ಫೋಟೊ, ಬೆರಳಚ್ಚು ವಿಲ್ಲಿನ ಹಾಳೆಗೇ ಅಂಟಿಕೊಂಡಿರುವುದು ನೋಂದಣಿಯ ದೊಡ್ಡ ಲಾಭ, ಠೇವಣಿಯಲ್ಲಿ ಅದು ಸಿಗುವುದಿಲ್ಲ. ಠೇವಣಿಯನ್ನೇ ಆರಿಸುವುದಾದರೆ ಮುದ್ರೆ ಒತ್ತುವ ಮೊದಲು ಒಬ್ಬ ವಕೀಲರಿಗೆ ಪೂರ್ತಿ ತೋರಿಸಿ. ಸಾಕ್ಷಿಗಳ ಹೆಸರು, ವಿಳಾಸ ಇರುವ ಒಂದು ಚೀಟಿ ಹೊರಗೂ ಇರಲಿ.

ಆನ್‌ಲೈನಿನಲ್ಲಿ ವಿಲ್ ಮಾಡಿಕೊಡುವ ಸೇವೆಗಳು ಕರಡು ತಯಾರಿಸಲು ಉಪಯೋಗಕ್ಕೆ ಬರುತ್ತವೆ, ಅಷ್ಟೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲ ಅನುಸೂಚಿ ವಿಲ್ಲನ್ನು ಆ ಕಾಯ್ದೆಯಿಂದ ಹೊರಗಿಟ್ಟಿದೆ, ಆದ್ದರಿಂದ ಡಿಜಿಟಲ್ ಸಹಿ, ಓಟಿಪಿ ಒಪ್ಪಿಗೆ ನಡೆಯುವುದಿಲ್ಲ. ಮುದ್ರಿಸಿ, ಶಾಯಿಯಲ್ಲಿ ಸಹಿ ಹಾಕಿ, ಇಬ್ಬರು ಸಾಕ್ಷಿಗಳನ್ನು ಕೂರಿಸಲೇಬೇಕು. ವಿಡಿಯೊ ಮಾಡಿಟ್ಟುಕೊಳ್ಳುವುದು ಪೂರಕ ಸಾಕ್ಷ್ಯ, ಸಹಿಗೆ ಬದಲಿಯಲ್ಲ.

ಬದಲಿಸುವಾಗ, ಆಮೇಲೆ

ಸಣ್ಣ ಬದಲಾವಣೆಗೆ ಕೊಡಿಸಿಲ್ ಎಂಬ ಪೂರಕ ಪತ್ರ ಬರೆಯಬಹುದು, ಅದಕ್ಕೂ ಸಾಕ್ಷಿಯ ನಿಯಮ ಅದೇ. ನಾವು ಪೂರ್ತಿ ಹೊಸ ವಿಲ್ಲನ್ನೇ ಸೂಚಿಸುತ್ತೇವೆ. ಎರಡು ಪತ್ರಗಳನ್ನು ಜೋಡಿಸಿ ಓದುವಾಗಲೇ ಹೊಸ ಅರ್ಥಗಳು ಹುಟ್ಟುತ್ತವೆ. ಹೊಸದರ ಮೊದಲ ಸಾಲಿನಲ್ಲೇ ‘ಇಂಥ ದಿನಾಂಕದ, ಇಂಥ ಕಚೇರಿಯಲ್ಲಿ ಇಂಥ ಸಂಖ್ಯೆಯಲ್ಲಿ ನೋಂದಣಿಯಾದ ನನ್ನ ವಿಲ್ಲನ್ನೂ, ಹಿಂದಿನ ಎಲ್ಲ ವಿಲ್ಲುಗಳನ್ನೂ ರದ್ದುಪಡಿಸಿದ್ದೇನೆ’ ಎಂದು ಹೇಳಿ. ಮೊದಲನೆಯದು ನೋಂದಣಿಯಾಗಿದ್ದರೆ ಇದನ್ನೂ ನೋಂದಾಯಿಸಿ. ಕಾನೂನು ಕೇಳದಿದ್ದರೂ 3ನೇ ಪುಸ್ತಕದಲ್ಲಿ ಹಳೆಯದೊಂದೇ ಉಳಿದಿದ್ದರೆ ಅದರ ನಕಲು ಹಿಡಿದು ಬರುವವರಿರುತ್ತಾರೆ. ನೋಂದಣಿಯಾದ ಮೂಲವನ್ನು ಹರಿದುಹಾಕಿ ಸುಮ್ಮನಾಗುವುದೂ ಸರಿಯಲ್ಲ, ರದ್ದು ಮಾಡಲು ಹರಿದದ್ದೋ ಕಳೆದುಹೋದದ್ದೋ ಎಂದು ಕೊನೆಗೆ ಯಾರೂ ಹೇಳಲಾರರು.

ಬರೆದವರು ತೀರಿಕೊಂಡ ಮೇಲೆ ಮೊದಲು ಮರಣ ಪ್ರಮಾಣಪತ್ರ, ಆಮೇಲೆ ವಿಲ್ಲಿನ ದೃಢೀಕೃತ ನಕಲು, ನಂತರ ಖಾತೆ ಬದಲಾವಣೆಯ ಅರ್ಜಿ. ಕಂದಾಯ ಕಚೇರಿಗೆ ಹೋಗುವಾಗ ನಕಲುಗಳನ್ನೇ ಕೊಡಿ, ಮೂಲವನ್ನು ತೋರಿಸಿ ವಾಪಸ್ ತನ್ನಿ. ಯಾರಾದರೂ ತಕರಾರು ಎತ್ತಿದರೆ ವಿಷಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ, ಅಲ್ಲಿ ಮೂಲವೇ ಬೇಕು. ಇಲ್ಲಿ ಅರ್ಜಿಗಳು ನಿಂತುಹೋಗಲು ಒಂದು ಸಾಮಾನ್ಯ ಕಾರಣ ಹೆಸರಿನ ವ್ಯತ್ಯಾಸ: ಪಹಣಿಯಲ್ಲಿ ಅಪ್ಪನ ಹೆಸರಿನ ಜೊತೆಗೊಂದು, ಆಧಾರಿನಲ್ಲಿ ಊರಿನ ಇನಿಶಿಯಲ್ ಸೇರಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ವಿಲ್ ಬರೆಯುವಾಗಲೇ ದಾಖಲೆಗಳಲ್ಲಿರುವ ಹೆಸರುಗಳನ್ನೆಲ್ಲ ‘ಉರುಫ್’ ಹಾಕಿ ಒಂದೇ ಸಾಲಿನಲ್ಲಿ ಸೇರಿಸಿ, ಯಾವ ಹೆಸರು ಯಾವ ದಾಖಲೆಯದು ಎಂದೂ ಬರೆದಿಡಿ. ಪಡೆಯುವವರ ಹೆಸರಿಗೂ ಹಾಗೆಯೇ ಮಾಡಿ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳ ವಿಷಯದಲ್ಲಂತೂ ಇದನ್ನು ತಪ್ಪಿಸಬೇಡಿ.